ಕೊಟ್ಟಿಗೆಯ ದೀಪಕ್ಕೆ ಕಿಟಕಿಯ ದಾರಿ ಬೇಡ

ಪಂಪ್‌ಸೆಟ್ಟಿನ ವೈರಿಂಗಿಗೆ ತೋರುವ ಎಚ್ಚರಿಕೆಯನ್ನು ನಾವು ಕೊಟ್ಟಿಗೆಯ ದೀಪಕ್ಕೆ ತೋರುವುದಿಲ್ಲ. ಒಂದು ಬಲ್ಬು ತಾನೇ ಎಂದು ಒಳಗಿನ ಹೋಲ್ಡರಿನಿಂದ ತಂತಿ ಎಳೆದು, ಕಿಟಕಿಯ ಸಂದಿಯಲ್ಲಿ ತೂರಿಸಿ, ಹೊರಗೆ ಮೊಳೆಗೆ ಸಿಕ್ಕಿಸಿಬಿಡುತ್ತೇವೆ. ಕಿಟಕಿಯ ಬಾಗಿಲು ದಿನವೂ ಆ ತಂತಿಯನ್ನು ಒತ್ತಿ ಸವೆಸುತ್ತದೆ.

ಹೀಗೆ ಸವೆದ ತಂತಿಯೊಂದು ತಗಡಿನ ಮಾಡಿಗೆ ತಾಗಿ, ಕಬ್ಬಿಣದ ಕಂಬಕ್ಕೆ ಮೈಯುಜ್ಜಿದ ಕರೆಯುವ ಹಸು ಸತ್ತದ್ದನ್ನು ನಾನು ಕಂಡಿದ್ದೇನೆ. ತಂಬಿಗೆ ಹಿಡಿದು ಬರುತ್ತಿದ್ದ ಮನೆಯಾಕೆ ನಾಲ್ಕು ಹೆಜ್ಜೆ ಹಿಂದಿದ್ದುದರಿಂದ ಉಳಿದರು. ಆ ಮನೆಯಲ್ಲಿ ಫ್ಯೂಸ್ ಇತ್ತು, ಆದರೆ ಹೋಗಲಿಲ್ಲ. 5 ಆಂಪಿಯರ್ ಫ್ಯೂಸ್ ಕರಗಲು ಬೇಕಾದ ವಿದ್ಯುತ್ತಿನ ನೂರರಲ್ಲೊಂದು ಪಾಲು ಜೀವ ತೆಗೆಯಲು ಸಾಕು. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ದನಕ್ಕಂತೂ ಅಪಾಯ ಇನ್ನೂ ಹೆಚ್ಚು.

ಆದ್ದರಿಂದ ಗೋಡೆಗೆ ತೂತು ಕೊರೆಸುವುದೇ ಸರಿಯಾದ ಕ್ರಮ. ಮೊದಲು ಮೈನ್ ಸ್ವಿಚ್ ಆರಿಸಿ, ಆ ಜಾಗದಲ್ಲಿ ಹಳೆಯ ತಂತಿ ಹುದುಗಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ತೂತು ಹೊರಮೈಗೆ ತುಸು ಇಳಿಜಾರಾಗಿದ್ದರೆ ಮಳೆನೀರು ಒಳಗೆ ಬಾರದು. ಗೋಡೆಯ ದಪ್ಪಕ್ಕೆ ತಕ್ಕ ಪಿ.ವಿ.ಸಿ. ಪೈಪನ್ನು ಅದರಲ್ಲಿ ಕೂರಿಸಿ, ತಂತಿಯನ್ನು ಅದರೊಳಗೇ ಹಾಯಿಸಿರಿ. ತಂತಿಗೆ ನೇರವಾಗಿ ಗಾರೆ ಮೆತ್ತಬಾರದು. ಗೋಡೆಯೊಳಗೆ ಜೋಡಣೆ ಇರಕೂಡದು. ಹೊರಬಂದ ತಂತಿ ಒಮ್ಮೆ ಕೆಳಗೆ ಬಳುಕಿ ದೀಪಕ್ಕೆ ಏರಲಿ. ಆಗ ಅದರ ಮೇಲೆ ಹರಿದ ನೀರು ಬಳುಕಿನಲ್ಲೇ ತೊಟ್ಟಿಕ್ಕುತ್ತದೆ. 1.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಆದರೆ ಫೇಸ್, ನ್ಯೂಟ್ರಲ್‌ಗಳ ಜೊತೆ ಅರ್ತ್ ತಂತಿಯೂ ಇರಲೇಬೇಕು. ದೀಪ ಮಳೆ ತಡೆಯುವಂಥದ್ದಾಗಿರಲಿ, ಕೊಂಬಿಗೆ ಎಟುಕದಷ್ಟು ಎತ್ತರದಲ್ಲಿರಲಿ.

ಇಷ್ಟೆಲ್ಲ ಮಾಡಿದರೂ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಕೆಲಸ ಅರ್ಧವೇ. ವಿದ್ಯುತ್ ನೆಲಕ್ಕೆ ಸೋರಿದರೆ ಕ್ಷಣದಲ್ಲಿ ಸಂಪರ್ಕ ಕಡಿಯುವ ಸಾಧನವಿದು. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿರಿ.

ಖರ್ಚು ಹೆಚ್ಚಾಯಿತು ಎನ್ನುವಿರಾ? ಒಂದು ಹಸುವಿನ ಬೆಲೆಯನ್ನು ಪಕ್ಕದಲ್ಲಿ ಬರೆದು ಲೆಕ್ಕ ಹಾಕಿರಿ. ಮನೆಯವರ ಜೀವಕ್ಕಂತೂ ಬೆಲೆ ಕಟ್ಟಲಾಗದು. ತಪ್ಪು ರೈತರದ್ದಷ್ಟೇ ಅಲ್ಲ. ಮೇವು, ತಳಿಗಳ ಬಗ್ಗೆ ಗಂಟೆಗಟ್ಟಲೆ ಹೇಳುವ ನಮ್ಮಂಥ ಅಧಿಕಾರಿಗಳು ಕೊಟ್ಟಿಗೆಗೆ ಬಂದಾಗ ತಲೆಯೆತ್ತಿ ಆ ತಂತಿಯನ್ನು ನೋಡುವುದಿಲ್ಲ. ನಾನು ಈಗ ನೋಡುತ್ತೇನೆ. ಮುಂಗಾರಿಗೆ ಮೊದಲು ನೀವೂ ನಿಮ್ಮ ಕಿಟಕಿಯನ್ನೊಮ್ಮೆ ನೋಡಿರಿ.