ಮುಕ್ತ ತಂತ್ರಾಂಶಕ್ಕೆ ಹೆಸರಿಡುವ ಮುನ್ನ

‘ಚಾಂಪಿಯನ್’ ಎಂಬ ಚಿನ್ನದ ಅದಿರಿನ ಎಳೆಗಿದ್ದ ಹೆಸರು, 2001ರಲ್ಲಿ ಗಣಿ ಮುಚ್ಚಿದ ಮೇಲೂ ಚಾಂಪಿಯನ್ ರೀಫ್ಸ್‌ನಲ್ಲಿ ಉಳಿದಿದೆ. ಮುಕ್ತ ತಂತ್ರಾಂಶದ ಹೆಸರೂ ಅಷ್ಟೇ ಗಟ್ಟಿ. ಒಮ್ಮೆ ಪ್ರಕಟವಾದರೆ ಇತರರ ತಂತ್ರಾಂಶಗಳೂ ಆ ಹೆಸರಿನಿಂದಲೇ ಅದನ್ನು ಬಳಸಿಕೊಳ್ಳುವುದರಿಂದ, ಬದಲಾವಣೆ ದುಬಾರಿ. ದಾಸ್ತಾನು ಲೆಕ್ಕಕ್ಕೆಂದು ಬರೆಸಿದ ತಂತ್ರಾಂಶವನ್ನು ಎಲ್ಲರಿಗೂ ಮುಕ್ತಗೊಳಿಸಬಯಸುವ ಉದ್ಯಮಿಗಳು ಇದನ್ನು ಗಮನಿಸಬೇಕು.

ಊರಿನ ಅಭಿಮಾನದಿಂದ ‘ಕೆಜಿಎಫ್’ ಎಂದಿಟ್ಟರೆ, 2018ರ ಚಲನಚಿತ್ರದ ಸುದ್ದಿಗಳ ರಾಶಿಯಲ್ಲಿ ಅದು ಹೂತುಹೋದೀತು. ‘ಊರಿಗಾಂ’ ಚೆಂದವೇನೋ ಹೌದು. ಆದರೆ ಹಳೆಯ ಗಣಿ ಕಂಪನಿಯ ಇಂಗ್ಲಿಷ್ ಕಾಗುಣಿತ ಒಂದು, ರೈಲು ನಿಲ್ದಾಣದ್ದು ಇನ್ನೊಂದು. ಬರಿಯ ಕಿವಿಯಲ್ಲಿ ಕೇಳಿದ ಗ್ರಾಹಕನು ಯಾವುದನ್ನು ಹುಡುಕಬೇಕು? ‘ಗುಬ್ಬಿ’ ಎಂಬ ಕನ್ನಡ ಫಾಂಟಿನ ಹೆಸರು ಹಕ್ಕಿಯದೂ ಹೌದು, ತುಮಕೂರು ಜಿಲ್ಲೆಯ ಊರಿನದೂ ಹೌದು. ಡೆಬಿಯನ್ ಭಂಡಾರದಲ್ಲಿ ಅದನ್ನು ‘ಫಾಂಟ್ಸ್-ಗುಬ್ಬಿ’ ಎಂದು ಇರಿಸಿರುವುದರಿಂದ ಗೊಂದಲಕ್ಕೆ ಎಡೆಯಿಲ್ಲ.

ಪರರ ಹೆಸರಿನ ತೊಡಕು ಇನ್ನೂ ದೊಡ್ಡದು. ‘ಫೀನಿಕ್ಸ್’ ಎಂಬ ಬ್ರೌಸರ್ ವ್ಯಾಪಾರ ಚಿಹ್ನೆಯ ತಕರಾರಿನಿಂದ 2003ರಲ್ಲಿ ‘ಫೈರ್‌ಬರ್ಡ್’ ಆಯಿತು. ಅದೇ ಹೆಸರಿನ ಮುಕ್ತ ಡೇಟಾಬೇಸ್ ತಂತ್ರಾಂಶದವರು ಆಕ್ಷೇಪಿಸಲು, 2004ರಲ್ಲಿ ‘ಫೈರ್‌ಫಾಕ್ಸ್’ ಎಂದು ಮತ್ತೆ ಬದಲಾಯಿತು. ಉಚಿತವಾಗಿ ಹಂಚುವ ವಸ್ತುವಿಗೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದ ಗೊಡವೆಯಿಲ್ಲವೆಂಬ ಭಾವನೆ ಅಪಾಯಕರ. ಚಿಹ್ನೆಗಳ ನೋಂದಣಿ ದಾಖಲೆಯನ್ನೂ ತಂತ್ರಾಂಶ ಭಂಡಾರಗಳನ್ನೂ ಶೋಧಿಸಿದ ತರುವಾಯವೇ ನಾಮಕರಣ ನಡೆಯಲಿ.