ಹಿತ್ತಲೇ ಇಲ್ಲದವರಿಗೆ ನಾಟಿ ಕೋಳಿ ಉಪದೇಶ

ಈಚೆಗೆ ನನ್ನ ಫೋನಿಗೆ ಬರೋ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಕೋಳಿಯವೇ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಒಬ್ಬರು ತೋಟದ ಮನೆ ಮುಂದೆ ನಿಂತು "ಸ್ನೇಹಿತರೇ, ಹಿಂದಿನ ಕಾಲದ ಊಟಕ್ಕೆ ಮರಳೋಣ" ಅಂತಾರೆ. ಅವರ ಹಿಂದೆ ನಾಲ್ಕು ನಾಟಿ ಕೋಳಿ ಕೆದರ್ತಿರ್ತಾವೆ. ಇನ್ನೊಂದರಲ್ಲಿ ಮಣ್ಣಿನ ಮಡಕೆಯಲ್ಲಿ ನವಣೆ ಅನ್ನ ಬೇಯ್ತಿರುತ್ತೆ. ಮತ್ತೊಂದರಲ್ಲಿ ಒಬ್ಬರು ಕೈ ಮುಗಿದು "ಫಾರಂ ಮೊಟ್ಟೆ ವಿಷ, ದಯವಿಟ್ಟು ಮಕ್ಕಳಿಗೆ ಕೊಡಬೇಡಿ" ಅಂತ ಬೇಡ್ಕೋತಾರೆ. ನಮ್ಮ ಆಫೀಸಲ್ಲಿ ಊಟದ ಡಬ್ಬಿ ಬಿಚ್ಚಿದರೂ ಇದೇ ಮಾತು. ಮೊದಲ ಎರಡು ವಿಡಿಯೋದ ಬಗ್ಗೆ ನನಗೆ ಸ್ವಲ್ಪ ತಕರಾರು, ಮೂರನೆಯದರ ಬಗ್ಗೆ ಪೂರ್ತಿ ತಕರಾರು. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ನಾನು ನಾಟಿ ಕೋಳಿಯ ವಿರೋಧಿ ಅಲ್ಲ. ನಾನು ಓದಿದ್ದೇ ಕೋಳಿಯಿಂದ. ನಮ್ಮವ್ವ ಒಂದು ಕೆಂಪು ಹ್ಯಾಟೆಯನ್ನ ಪಾಲಿಗೆ ತಂದಿದ್ದಳು. ಮರಿಯಾದರೆ ಅರ್ಧ ಕೊಟ್ಟೋರಿಗೆ, ಅರ್ಧ ನಮಗೆ. ಪುಟ್ಟಿಯಲ್ಲಿ ಬೂದಿ ಹಾಸಿ, ಮೇಲೆ ಹುಲ್ಲು ಹಾಕಿ, 10-12 ಮೊಟ್ಟೆ ಇಟ್ಟು ಕಾವಿಗೆ ಕೂರಿಸೋಳು. 21 ದಿನಕ್ಕೆ ಮರಿ. ಹದ್ದು, ಕಾಗೆ, ಬೆಕ್ಕು, ಮುಂಗುಸಿ ಎಲ್ಲಾ ತಮ್ಮ ತಮ್ಮ ಪಾಲು ತಗೊಂಡ ಮೇಲೆ ನಾಲ್ಕೋ ಐದೋ ಉಳಿಯೋವು. ಆ ನಾಲ್ಕೈದರಲ್ಲೇ ನನ್ನ ನೋಟ್‌ಬುಕ್ಕು, ತಂಗಿಯ ಲಂಗ, ಮಾರಮ್ಮನ ಹರಕೆ. ಅಪ್ಪನ ಕೂಲಿ ದುಡ್ಡು ಮನೆಗೆ ಬರ್ತಿತ್ತೋ ಇಲ್ಲವೋ, ಕೋಳಿ ದುಡ್ಡು ಮಾತ್ರ ಅವ್ವನ ಸೆರಗಿನ ಗಂಟಲ್ಲೇ ಇರ್ತಿತ್ತು.

ಕೋಳಿ ಕೊಳ್ಳೋಕೆ ಊರೊಳಗಿನವರೂ ಕೇರಿ ಬಾಗಿಲಿಗೆ ಬರೋರು. ನಮ್ಮ ಮನೇಲಿ ನೀರು ಕುಡೀತಿರಲಿಲ್ಲ, ಜಗಲಿ ಮೇಲೆ ಕೂರ್ತಿರಲಿಲ್ಲ. ದುಡ್ಡನ್ನ ಮೇಲಿಂದ ಅವ್ವನ ಕೈಗೆ ಉದುರಿಸೋರು. ಆದರೆ ಅವ್ವನ ಕಂಕುಳಲ್ಲಿದ್ದ ಕೋಳಿ ಸೀದಾ ಅವರ ಕಂಕುಳಿಗೆ ಹೋಗ್ತಿತ್ತು! ಕೋಳಿಗೆ ಯಾವ ಮೈಲಿಗೆನೂ ಅಂಟ್ತಿರಲಿಲ್ಲ. ಈಗ ಅದೇ ಕೋಳಿಗೆ "ದೇಸಿ", "ಪಾರಂಪರಿಕ", "ಅಜ್ಜಿ ಕಾಲದ" ಅನ್ನೋ ಹೆಸರು ಬಂದಿವೆ. ಯಾರ ಅಜ್ಜಿ ಅಂತ ಮಾತ್ರ ಯಾರೂ ಹೇಳಲ್ಲ. ನಮ್ಮೂರಿನ ಹೊಂಡ ನೋಡೋಕೆ ಬರೋರು ಫೋಟೋ ತೆಗೆದಾದ ಮೇಲೆ ಮೊದಲು ಕೇಳೋದು "ಇಲ್ಲಿ ನಾಟಿ ಕೋಳಿ ಊಟ ಎಲ್ಲಿ ಸಿಗುತ್ತೆ?" ಅಂತ. ಸಾಕಿದವರ ಮನೇಲಿ ಉಣ್ತೀರಾ ಅಂತ ಕೇಳಬೇಕು ಅನಿಸುತ್ತೆ. ಕೇಳಲ್ಲ, ಹೋಟೆಲ್ ತೋರಿಸ್ತೀನಿ.

ಈಗ ಉಪದೇಶದ ವಿಷಯಕ್ಕೆ ಬರ್ತೀನಿ. "ಪ್ರತಿ ಮನೇಲೂ ಹಿತ್ತಲಲ್ಲಿ ಹತ್ತು ಕೋಳಿ ಸಾಕಿ" ಅಂತೀರಲ್ಲ ಸ್ವಾಮಿ, ಹಿತ್ತಲು ಎಲ್ಲೈತೆ? ಎ.ಕೆ. ಕಾಲೋನಿಗಳಲ್ಲಿ ಕೊಟ್ಟ ನಿವೇಶನ 20 × 30. ಅಂದರೆ 600 ಚದರಡಿ. ಅದರಲ್ಲಿ ಮನೆ, ಬಚ್ಚಲು, ಪಾಯಖಾನೆ. ಮಗನಿಗೆ ಮದುವೆಯಾದರೆ ಅಲ್ಲೇ ಒಂದು ತಗಡಿನ ರೂಮು. ಮುಂದೆ ಚರಂಡಿ, ಹಿಂದೆ ಇನ್ನೊಬ್ಬರ ಗೋಡೆ. ಹಳೇ ಕೇರಿಯ ಗುಡಿಸಲು ಸೋರುತ್ತಿತ್ತು ನಿಜ. ಆದರೆ ಅದರ ಹಿಂದೆ ಒಂದು ತಿಪ್ಪೆ, ಎರಡು ಹೊಂಗೆ ಗಿಡ, ಒಂದು ಬೇಲಿಸಾಲು ಇರ್ತಿತ್ತು. ಕೋಳಿ ಬದುಕೋದು ತಿಪ್ಪೆ ಮೇಲೆ. ದನ ಇಲ್ಲದ ಮನೇಲಿ ತಿಪ್ಪೆ ಎಲ್ಲಿಂದ ಬರಬೇಕು? ಕಾಲೋನಿಯ ಕೊನೇ ಸಾಲು ದಾಟಿದರೆ ಅಡಿಕೆ ತೋಟ, ಸುತ್ತ ತಂತಿ ಬೇಲಿ. ಅದರೊಳಗೆ ನಮ್ಮ ಕೋಳಿ ನುಗ್ಗಿದರೆ ಜಗಳ ಕೋಳಿಯಿಂದ ಶುರುವಾಗಿ ಎರಡನೇ ಮಾತಿಗೆ ಜಾತಿಗೆ ಬಂದು ನಿಲ್ಲುತ್ತೆ. ನಮ್ಮ ಕಡೆ ಹೆಣ್ಣುಮಕ್ಕಳು ಕೋಳಿ ಸಾಕೋದು ಬಿಟ್ಟದ್ದು ಸೋಮಾರಿತನಕ್ಕಲ್ಲ, ಈ ಬೈಗುಳಕ್ಕೆ.

ಇನ್ನು ಮೇವು. ಚನ್ನಗಿರಿ ತಾಲೂಕು ನೋಡ್ತಾ ನೋಡ್ತಾ ಅಡಿಕೆಯಾಯ್ತು. ಭದ್ರಾ ನೀರು ಬಂದ ಕಡೆ ತೋಟ, ಬೋರು ಕೊರೆಸೋ ತಾಕತ್ತಿದ್ದ ಕಡೆನೂ ತೋಟ. ಉಳಿದ ಹೊಲಕ್ಕೆ ಮೆಕ್ಕೆಜೋಳ. ರಾಗಿ, ಬಿಳಿಜೋಳ, ನವಣೆ, ಸಾಮೆ ಒಕ್ಕೋ ಕಣಗಳೇ ಇಲ್ಲವಾದವು. ಸುಗ್ಗಿಯಲ್ಲಿ ಎರಡು ತಿಂಗಳು ಕೋಳಿಗೆ ನಾವು ಒಂದು ಹಿಡಿ ಕಾಳು ಹಾಕ್ತಿರಲಿಲ್ಲ, ಕಣದಲ್ಲಿ ಉದುರಿದ್ದೇ ಸಾಕಾಗ್ತಿತ್ತು. ಹೊಲದ ಬದುವಲ್ಲಿ ಅಣ್ಣೆಸೊಪ್ಪು, ಗಣಿಕೆ ಸೊಪ್ಪು, ಕನ್ನೆಸೊಪ್ಪು. ಕಳೆ ಕೀಳೋಕೆ ಹೋದ ಅವ್ವ ಸಂಜೆಗೆ ಮಡಿಲು ತುಂಬ ಬೆರಕೆ ಸೊಪ್ಪು ತರೋಳು. ಅದೇ ಆವತ್ತಿನ ಸಾರು. ಈಗ ಬದುವಿಗೂ ಕಳೆನಾಶಕ ಹೊಡೀತಾರೆ. ಹೊಡೆಯೋ ಕೂಲಿಗೂ ನಮ್ಮವರೇ ಹೋಗ್ತಾರೆ, ಬೆನ್ನಿಗೆ ಡಬ್ಬ ಕಟ್ಕೊಂಡು, ಮೂಗಿಗೊಂದು ಟವಲ್ ಸುತ್ಕೊಂಡು. "ಬೆರಕೆ ಸೊಪ್ಪು ತಿನ್ನಿ, ಕಬ್ಬಿಣದ ಅಂಶ ಐತೆ" ಅಂತ ನಮಗೆ ಹೇಳೋ ಮುಂಚೆ ಆ ತೋಟದ ಯಜಮಾನರಿಗೂ ಒಂದು ವಿಡಿಯೋ ಕಳಿಸಿ.

ತಮಾಷೆ ನೋಡಿ, ದಾವಣಗೆರೆ ಜಿಲ್ಲೆ ಮೆಕ್ಕೆಜೋಳಕ್ಕೆ ಹೆಸರುವಾಸಿ. ದೇಶದಲ್ಲಿ ಬೆಳೆಯೋ ಮೆಕ್ಕೆಜೋಳದ ದೊಡ್ಡ ಪಾಲು ಹೋಗೋದು ಕೋಳಿ ಮೇವಿಗೆ. ಅಂದರೆ ನೀವು "ವಿಷ" ಅಂತ ಮೂಗು ಮುರಿಯೋ ಫಾರಂ ಕೋಳಿ ತಿನ್ನೋ ಜೋಳ ಮುರಿದದ್ದೂ ನಮ್ಮ ಹೆಣ್ಣುಮಕ್ಕಳ ಕೈಯೇ.

"ಹಿಂದಿನ ಕಾಲ" ಅನ್ನೋ ಮಾತನ್ನ ಒಂಚೂರು ಬಿಡಿಸಿ ನೋಡಬೇಕು. ಹಿಂದಿನ ಕಾಲದಲ್ಲಿ ಎಲ್ಲರೂ ಒಂದೇ ಊಟ ಉಂಡ ಹಾಗೆ ಮಾತಾಡ್ತೀರಿ. 1936ರಲ್ಲಿ ಬಾಬಾಸಾಹೇಬರು ಜಾತಿ ವಿನಾಶದ ಬಗ್ಗೆ ಬರೆದ ಭಾಷಣದಲ್ಲಿ ಜೈಪುರ ಸಂಸ್ಥಾನದ ಚಕ್ವಾರಾ ಅನ್ನೋ ಹಳ್ಳಿಯ ಸಂಗತಿ ಬರುತ್ತೆ. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನವರಿಗೆ ಊಟ ಹಾಕಿಸ್ತಾನೆ, ತುಪ್ಪ ಬಡಿಸ್ತಾನೆ. ಅಷ್ಟಕ್ಕೇ ಸವರ್ಣೀಯರು ನೂರಾರು ಜನ ಲಾಠಿ ಹಿಡಿದು ನುಗ್ಗಿ, ಊಟ ಹಾಳು ಮಾಡಿ, ಉಣ್ತಾ ಕೂತವರನ್ನ ಬಡೀತಾರೆ. ತಪ್ಪು ಏನಪ್ಪಾ ಅಂದರೆ ಅಸ್ಪೃಶ್ಯರಾಗಿ ತುಪ್ಪ ತಿಂದದ್ದು. ಇದೂ ಹಿಂದಿನ ಕಾಲದ ಊಟವೇ. ನಮ್ಮ ಕಡೆ ಲಾಠಿ ಬೇಕಿರಲಿಲ್ಲ, ಬಡತನ ಸಾಕಿತ್ತು. ತಂಗಳು ಮುದ್ದೆ, ನುಚ್ಚು, ಮದುವೆ ಮನೆಯ ಹಿತ್ತಲಲ್ಲಿ ಕಾದು ತಂದ ಅನ್ನ. ಅದಕ್ಕೆಲ್ಲ ಈಗ "ಪ್ರಕೃತಿ ಸಹಜ ಜೀವನ" ಅನ್ನೋ ಹೆಸರು ಕೊಟ್ಟರೆ ನಮ್ಮಜ್ಜಿ ಎದ್ದು ಬಂದು ಪೊರಕೆ ತಗೋತಾಳೆ.

ಹಳೇ ಊಟದ ಪಟ್ಟಿ ಮಾಡೋದಾದರೆ ಪೂರ್ತಿ ಮಾಡಿ. ನಮ್ಮ ಕೇರಿಯ ಪಟ್ಟಿಯಲ್ಲಿ ದನದ ಬಾಡು ಐತೆ, ಮಳೆಗಾಲಕ್ಕೆ ಒಣಗಿಸಿಟ್ಟ ಬಾಡು ಐತೆ, ಗದ್ದೆ ಬದುವಿನ ಏಡಿ ಐತೆ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗಾದರೂ ಅವಕಾಶ ಇತ್ತು. 2020ರ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಮತ್ತೇನೂ ಇಲ್ಲ. "ಪೂರ್ವಜರ ಆಹಾರ" ಅಂತ ಎದೆ ತಟ್ಕೊಳ್ಳೋ ಒಬ್ಬನೇ ಒಬ್ಬ ಇದರ ಬಗ್ಗೆ ವಿಡಿಯೋ ಮಾಡಿದ್ದು ನಾನು ನೋಡಿಲ್ಲ. 2024ರ ಡಿಸೆಂಬರಲ್ಲಿ, ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ, ಮಾಂಸಾಹಾರವನ್ನ ಮದ್ಯ, ತಂಬಾಕಿನ ಸಾಲಲ್ಲಿಟ್ಟು ನಿಷೇಧ ಅಂತ ಪ್ರಕಟಿಸಿದರು. ಬಾಡು ಮತ್ತು ಮುದ್ದೆಯ ಸೀಮೆಯಲ್ಲಿ! ಸಂಘಟನೆಗಳವರು ಬಾಡೂಟ ತಂದೇ ತೀರ್ತೀವಿ ಅಂತ ನಿಂತದ್ದಕ್ಕೆ ಅಷ್ಟಾದರೂ ಸದ್ದಾಯ್ತು. ರೆಸಾರ್ಟಲ್ಲಿ ನಾಟಿ ಕೋಳಿ ಸಾರು ಸಂಸ್ಕೃತಿ, ಸಮ್ಮೇಳನದ ಪಂಕ್ತಿಯಲ್ಲಿ ಅಸಹ್ಯ.

ಈಗ ಮೊಟ್ಟೆಗೆ ಬರ್ತೀನಿ. ನನ್ನ ಸಿಟ್ಟೆಲ್ಲ ಇರೋದು ಇಲ್ಲಿ.

2021ರ ಡಿಸೆಂಬರಲ್ಲಿ ಬೀದರ್, ಯಾದಗಿರಿ, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ 7 ಜಿಲ್ಲೆಗಳ ಶಾಲೆಯಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ಬೀದಿಗಿಳಿದರು. ಗಂಗಾವತಿಯ ಶಾಲಾ ಹುಡುಗಿಯರು ಕ್ಯಾಮೆರಾ ಮುಂದೆ ನಿಂತು ನಮಗೆ ಮೊಟ್ಟೆ ಬೇಕೇ ಬೇಕು ಅಂದ ಮೇಲೆ ಬಾಯಿ ಸ್ವಲ್ಪ ಮುಚ್ಚಿತು. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯದ ಒಂದು ತಜ್ಞರ ಸಮಿತಿ ಮೊಟ್ಟೆ, ಮಾಂಸ ನಿತ್ಯ ತಿಂದರೆ ಜೀವನಶೈಲಿಯ ಕಾಯಿಲೆ ಬರ್ತಾವೆ ಅಂತ ಬರೆದುಕೊಟ್ಟಿತು. ಕೂಲಿಯವರ ಮಕ್ಕಳಿಗೆ ಜೀವನಶೈಲಿ ಕಾಯಿಲೆಯಂತೆ! ಅದೇ ಹೊತ್ತಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕ ಏನು ಹೇಳ್ತಿತ್ತು? ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 100ಕ್ಕೆ 65 ಮಕ್ಕಳಿಗೆ ರಕ್ತಹೀನತೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು ಸೇರಿ ವಾರಕ್ಕೆ 6 ದಿನ ಮೊಟ್ಟೆ ಸಿಗ್ತಿದೆ. ತಿನ್ನದವರಿಗೆ ಬಾಳೆಹಣ್ಣು ಐತೆ, ಯಾರ ಬಾಯಿಗೂ ಯಾರೂ ತುರುಕ್ತಿಲ್ಲ.

ಧರ್ಮದ ಹೆಸರಲ್ಲಿ ಬೇಡ ಅಂದರೆ ಮಕ್ಕಳು ಬೈತಾರೆ ಅಂತ ಗೊತ್ತಾಗಿದೆ. ಅದಕ್ಕೆ ಈಗ "ನೈಸರ್ಗಿಕ" ಅನ್ನೋ ಹೊಸ ದಾರಿ. "ಮೊಟ್ಟೆ ಒಳ್ಳೇದೇ, ಆದರೆ ಫಾರಂ ಮೊಟ್ಟೆ ವಿಷ, ಕೊಟ್ಟರೆ ನಾಟಿ ಮೊಟ್ಟೆ ಕೊಡಿ" ಅನ್ನೋದು. ಕೇಳೋಕೆ ಎಷ್ಟು ಕಾಳಜಿ! ನಾಟಿ ಹ್ಯಾಟೆ ವರ್ಷಕ್ಕೆ ಇಡೋದು 60 ಮೊಟ್ಟೆ ಆಸುಪಾಸು. ಅದರಲ್ಲಿ ಕಾವಿಗೆ ಇಟ್ಟು ಉಳಿಯೋದೆಷ್ಟು? ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆ ಅಂತಲೇ ಮಾಡಿದ ಗಿರಿರಾಜ ತಳಿ ಕೂಡ 130-150 ಇಟ್ಟರೆ ಹೆಚ್ಚು. ಒಂದು ಸರ್ಕಾರಿ ಶಾಲೆಯ 200 ಮಕ್ಕಳಿಗೆ ವಾರಕ್ಕೆ 6 ದಿನ ಅಂದರೆ ವಾರಕ್ಕೆ 1,200 ಮೊಟ್ಟೆ. ಇಡೀ ಹೋಬಳಿ ಸುತ್ತಿದರೂ ನಾಟಿಯಲ್ಲಿ ಆಗೋ ಮಾತಾ? ಆಗಲ್ಲ ಅಂತ ಹೇಳೋರಿಗೂ ಗೊತ್ತು. ಆಗಲ್ಲ ಅಂತ ಗೊತ್ತಿದ್ದೇ ಕೇಳೋದು. ಬೆಲೆಯಲ್ಲೂ ನಾಟಿ ಮೊಟ್ಟೆ ಫಾರಂ ಮೊಟ್ಟೆಯ ಎರಡರಷ್ಟು. ಇಷ್ಟಾಗಿ ಒಂದು ಮೊಟ್ಟೆಯಲ್ಲಿರೋ ಪ್ರೋಟೀನು ಸುಮಾರು 6 ಗ್ರಾಂ. ನಾಟಿದು ಗಾತ್ರದಲ್ಲಿ ಚಿಕ್ಕದಾದ್ದರಿಂದ ಅದರಲ್ಲಿ ಇನ್ನೂ ಕಮ್ಮಿಯೇ. ಹಳದಿಯ ಬಣ್ಣ ಗಾಢವಾಗೋದು ಕೋಳಿ ತಿಂದ ಸೊಪ್ಪು, ಮೇವಿನಿಂದ. ಪವಾಡ ಏನಿಲ್ಲ.

ಫಾರಂಗಳೆಲ್ಲ ಸಾಚಾ ಅಂತ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. 40 ದಿನದಲ್ಲಿ 2 ಕೆ.ಜಿ. ತೂಗೋ ಕೋಳಿಯನ್ನ ಹೇಗೆ ಸಾಕ್ತಾರೆ, ಯಾವ ಔಷಧಿ ಹಾಕ್ತಾರೆ ಅಂತ ಕೇಳಲೇಬೇಕು. 2019ರಲ್ಲಿ ಕೇಂದ್ರ ಸರ್ಕಾರವೇ ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ಕನ್ನ ಕೋಳಿಗಳಿಗೆ ಕೊಡಬಾರದು ಅಂತ ನಿಷೇಧ ಮಾಡಿದೆ. ತಪಾಸಣೆ ಮಾಡಿಸಿ, ಮೇವು ಪರೀಕ್ಷೆ ಮಾಡಿಸಿ ಅಂತ ಬೀದಿಗಿಳೀರಿ, ಬ್ಯಾನರ್ ನಾನು ಬರೆದುಕೊಡ್ತೀನಿ. ಆದರೆ ನಮ್ಮ ಮಕ್ಕಳ ತಟ್ಟೆಯಿಂದ ಮೊಟ್ಟೆ ಎತ್ತಿಸೋಕೆ ನಮ್ಮವ್ವನ ಕೋಳಿಯನ್ನ ಬಳಸಬೇಡಿ.

ನಾಟಿ ಕೋಳಿ ಮರಳಿ ಬರಲಿ ಅನ್ನೋದು ನನ್ನ ಆಸೆನೂ ಹೌದು. ಆದರೆ ಅದು ನೆಲದ ಪ್ರಶ್ನೆ. ಹರಿಹರದಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಇಲ್ಲೇ ನಮ್ಮ ಪಕ್ಕದಲ್ಲಿ. ಅವರು ಅಂದು ಹಿಡಿದದ್ದೂ ಭೂಮಿಯ ಪ್ರಶ್ನೆಯನ್ನೇ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೊಲ ಬಂತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದ ನಮಗೆ ಬರಲಿಲ್ಲ. ಹೊಲ ಬೇಡ ಬಿಡಿ, ಈಗ ಕೇಳ್ತಿರೋದು ಹಿತ್ತಲು. ಹೊಸ ನಿವೇಶನ ಕೊಡುವಾಗ 20 × 30 ಕೊಡೋದು ನಿಲ್ಲಿಸಿ, ಒಂದು ಗುಂಟೆಯಾದರೂ ಕೊಡಿ. ನರೇಗಾದಲ್ಲಿ ಕೋಳಿ ಶೆಡ್ಡಿಗೂ ಅವಕಾಶ ಇತ್ತು, ಪರಿಶಿಷ್ಟರಿಗೆ ಮೊದಲ ಆದ್ಯತೆ ಇತ್ತು. ಆದರೆ ಶೆಡ್ ಹಾಕೋಕೆ ಜಾಗ, ಜಾಗಕ್ಕೆ ದಾಖಲೆ ಬೇಕಲ್ಲ?

ಇನ್ನೊಂದು, ಕೊಕ್ಕರೆ ರೋಗದ ಲಸಿಕೆ. ಹಳ್ಳಿ ಕೋಳಿ ಸಾಯೋದು ಬಹುಪಾಲು ಇದರಿಂದಲೇ. ಒಂದು ಸಲ ಬಂದರೆ ಒಂದೇ ವಾರದಲ್ಲಿ ಕೇರಿ ಪೂರ್ತಿ ಖಾಲಿ. ಲಸಿಕೆಯ ಸೀಸೆ ಬರೋದು 100 ಕೋಳಿಗೆ ಆಗುವಷ್ಟು, ಒಡೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿ ಇರೋ ಅಕ್ಕ ಒಬ್ಬಳೇ ಹೋದರೆ ಸೀಸೆ ಒಡೆಯಲ್ಲ. ಕಾಲೋನಿಯ ಎಲ್ಲರೂ ಒಂದೇ ದಿನ ಹಾಕಿಸಿದರೆ ಆಗುತ್ತೆ.

ಅದಕ್ಕೆ ಸಂತೇಬೆನ್ನೂರು ಮತ್ತು ಸುತ್ತಲಿನ ಕಾಲೋನಿಗಳ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ಕೇಳ್ಕೊಳ್ಳೋದು ಇಷ್ಟು. ಈ ಭಾನುವಾರ ಬೆಳಗ್ಗೆ 10ಕ್ಕೆ ಅಂಬೇಡ್ಕರ್ ಫೋಟೋ ಇರೋ ಕಟ್ಟೆ ಹತ್ರ ಸೇರೋಣ. ಹಕ್ಕುಪತ್ರ ಇದ್ದವರು ಜೆರಾಕ್ಸ್ ತನ್ನಿ, ಇಲ್ಲದವರು ಆಧಾರ್ ತನ್ನಿ. ಹಿತ್ತಲಿಗೆ ಪಂಚಾಯ್ತಿಗೆ ಅರ್ಜಿ ನಾನೇ ಬರೀತೀನಿ, ಗುಮಾಸ್ತನ ಕೆಲಸ ಮಾಡೋದು ಇದಕ್ಕಾದರೂ ಆಗಲಿ. ಮನೇಲಿ ಎಷ್ಟು ಕೋಳಿ ಅದಾವೆ ಅಂತ ಎಣಿಸ್ಕೊಂಡು ಬನ್ನಿ, 100 ಆದರೆ ಪಶು ಆಸ್ಪತ್ರೆಯವರನ್ನ ಕಾಲೋನಿಗೇ ಕರೆಸೋಣ.

ಜೈಭೀಮ್.