ಮೆಲ್ಲಗೆ ಸೇದಿದರೆ ಸಿಹಿ



ನಿಮ್ಮ ಮನೆಯ ಬಾವಿಯಲ್ಲಿ ನೀರು ಈಗ ಎಷ್ಟು ಕೆಳಗಿದೆ? ಇತ್ತೀಚೆಗೆ ಒಮ್ಮೆಯಾದರೂ ಇಣುಕಿ ನೋಡಿದ್ದೀರಾ? ನಮ್ಮಲ್ಲಿ ಹೆಚ್ಚಿನವರು ನೋಡುವುದಿಲ್ಲ. ಸ್ವಿಚ್ ಒತ್ತುತ್ತೇವೆ, ಟ್ಯಾಂಕ್ ತುಂಬುತ್ತದೆ. ತುಂಬಿ ಚೆಲ್ಲಿ ಅಂಗಳವೆಲ್ಲ ಒದ್ದೆಯಾದಾಗ ಮಕ್ಕಳಲ್ಲಿ ಯಾರಾದರೂ ‘ಉಮ್ಮಾ, ಟ್ಯಾಂಕ್ ತುಂಬಿತು’ ಎಂದು ಕೂಗುತ್ತಾರೆ. ಆಗ ಓಡಿ ಹೋಗಿ ಆರಿಸುತ್ತೇವೆ. ಹಾಗೆ ಮಾಡಿದರೆ ಬದುಕಲಾಗದ ಒಂದು ಊರಿದೆ. ಈ ತಿಂಗಳು ನಿಮ್ಮನ್ನು ಒಂದು ದಿನದ ಮಟ್ಟಿಗೆ ಅಲ್ಲಿಗೆ ಕರೆದೊಯ್ಯುತ್ತೇನೆ. ಬನ್ನಿ.

ಆ ಊರು ಲಕ್ಷದ್ವೀಪದ ಕಲ್ಪೇನಿ. ಲಕ್ಷದ್ವೀಪ ನಮಗೇನೂ ಹೊರಗಿನದಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಹಾಯಿ ಹಡಗುಗಳು ತೆಂಗಿನ ನಾರಿನ ಹುರಿ, ಕೊಬ್ಬರಿ, ಬೆಲ್ಲ ಹೊತ್ತು ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಹಿಂದಿರುಗುವಾಗ ಅಕ್ಕಿ ಒಯ್ಯುತ್ತಿದ್ದವು. ಕಲ್ಪೇನಿ ಮಾತ್ರ ಆಗ ಮಲಬಾರಿನ ಆಡಳಿತದಲ್ಲಿತ್ತು. ಇಂದಿಗೂ ಅಲ್ಲಿಗೆ ಹೋಗಬೇಕಾದರೆ ಹೊರಗಿನವರು ಪರವಾನಿಗೆ ಪಡೆಯಬೇಕು. ಅಲ್ಲಿನವರು ಆಡುವುದು ಮಲಯಾಳದ ಒಂದು ಬಗೆ. ಬ್ಯಾರಿ ಬಲ್ಲ ನಿಮಗೆ ಅದು ಅಷ್ಟೇನೂ ಅಪರಿಚಿತ ಅನಿಸಲಾರದು.

ಊರು ಎಷ್ಟು ದೊಡ್ಡದೆಂದು ಕೇಳುತ್ತೀರಾ? ಮೂರು ಚದರ ಕಿಲೋಮೀಟರಿಗೂ ಕಡಿಮೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಬೆಟ್ಟವಿಲ್ಲ, ಹೊಳೆಯಿಲ್ಲ, ಹಳ್ಳವಿಲ್ಲ. ಪಡುವಣ ದಿಕ್ಕಿಗೆ ಹವಳದ ದಿಬ್ಬ ಗೋಡೆಯಂತೆ ನಿಂತು ಕಡಲನ್ನು ತಡೆದಿದೆ. ಅದರೊಳಗಿನ ನೀರು ಕೆರೆಯಂತೆ ಶಾಂತ. ದಡದಲ್ಲಿ ತಿಳಿ ಹಸಿರು, ಒಳಗೆ ಹೋದಂತೆ ನೀಲಿ. ಬೆಳ್ಳಗಿನ ಮರಳಿನ ಮೇಲೆ ನಡೆದರೆ ಕಾಲ್ಬೆರಳ ಬಳಿಯಿಂದ ಏಡಿ ಮರಿಗಳು ಓಡಿ ಬಿಲ ಸೇರುತ್ತವೆ. ಆ ಮರಳು ಎಲ್ಲಿಂದ ಬಂತೆಂದು ಗೊತ್ತೇ? ಹೆಚ್ಚಿನದು ಹವಳದ ಪುಡಿ. ಗಿಳಿಯ ಕೊಕ್ಕಿನಂಥ ಹಲ್ಲಿರುವ ಗಿಳಿಮೀನು ಪಾಚಿ ತಿನ್ನಲೆಂದು ಹವಳದ ಕಲ್ಲನ್ನು ಕೆರೆಯುತ್ತದೆ. ಅದರ ಹೊಟ್ಟೆಯಿಂದ ಹೊರಬರುವುದೂ ಈ ಬಿಳಿ ಮರಳೇ. ಅಲ್ಲಾಹನ ಸೃಷ್ಟಿಯಲ್ಲಿ ಯಾರ ಕೈಯಿಂದ ಏನು ಕೆಲಸವಾಗುತ್ತದೋ!

ಈಗ ಅಲ್ಲಿ ಸುಬ್ಹಿಯ ಹೊತ್ತು. ತೆಂಗಿನ ಮರಗಳ ನಡುವೆ ಒಂದು ಮನೆ. ಅಂಗಳದ ಮೂಲೆಯಲ್ಲಿ ಬಾವಿ. ಬಾವಿ ಎಂದರೆ ನಮ್ಮ ಮಲೆನಾಡಿನ ಬಾವಿಯ ಹಾಗಲ್ಲ. ಹಗ್ಗ ಉದ್ದ ಬೇಕಿಲ್ಲ, ನೀರು ಕೈಗೆ ಸಿಗುವಷ್ಟು ಮೇಲೆ. ಮನೆಯ ಹೆಣ್ಣುಮಗಳು ಕೊಡಪಾನ ಇಳಿಸುತ್ತಾಳೆ. ಧುಮ್ಮನೆ ಎಸೆಯುವುದಿಲ್ಲ. ಮೆಲ್ಲಗೆ ಇಳಿಸಿ, ಮೇಲಿನ ನೀರನ್ನಷ್ಟೇ ತುಂಬಿಸಿ ಎತ್ತುತ್ತಾಳೆ.

ಯಾಕೆ ಹಾಗೆ? ನಾಲ್ಕೂ ಕಡೆ ಉಪ್ಪುಕಡಲು. ಹಾಗಿದ್ದರೂ ನಡುವಿನ ಬಾವಿಯಲ್ಲಿ ಸಿಹಿನೀರು! ಇದರ ಗುಟ್ಟು ನಿಮ್ಮ ಅಡುಗೆ ಮನೆಯಲ್ಲೇ ಇದೆ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ನಿಲ್ಲುತ್ತದಲ್ಲವೇ? ಹಾಗೆಯೇ ಮಳೆಯ ನೀರು ಮರಳಿನಲ್ಲಿ ಇಳಿದು, ನೆಲದಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದ್ದರಿಂದ ಮೇಲಿನದು ಮೇಲೆಯೇ ಇರುತ್ತದೆ. ಕಡಲಿನ ಉಬ್ಬರಕ್ಕೆ ಬಾವಿಯ ನೀರೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಕೆನೆಯನ್ನು ಚಮಚದಿಂದ ಮೆಲ್ಲಗೆ ತೆಗೆದರೆ ಕೆನೆ ಸಿಗುತ್ತದೆ. ಸೌಟನ್ನು ಆಳಕ್ಕೆ ಅದ್ದಿದರೆ ಹಾಲೂ ಬರುತ್ತದೆ. ಬಾವಿಯಿಂದಲೂ ಅಷ್ಟೇ. ಜೋರಾಗಿ, ಒಂದೇ ಸಮನೆ ನೀರೆತ್ತಿದರೆ ಕೆಳಗಿನ ಉಪ್ಪು ಮೇಲೇರಿ ಬರುತ್ತದೆ. ಒಮ್ಮೆ ಬಂದ ಉಪ್ಪು ಬೇಗ ಹೋಗುವುದಿಲ್ಲ. ಮತ್ತೆ ಮಳೆ ಬಂದು, ನೆಲ ತೊಳೆದು, ಹೊಸ ಪದರ ನಿಲ್ಲಬೇಕು. ಲಕ್ಷದ್ವೀಪಕ್ಕೆ ಬೀಳುವ ಮಳೆಯೋ ವರ್ಷಕ್ಕೆ ಸುಮಾರು 1,500ರಿಂದ 1,600 ಮಿಲಿಮೀಟರ್. ಮಂಗಳೂರಿನ ಮಳೆಯ ಅರ್ಧಕ್ಕೂ ಕಡಿಮೆ.

ಮೋಟಾರ್ ಪಂಪು ದ್ವೀಪಗಳಿಗೂ ಬಂದಿದೆ. ಜನ ಹೆಚ್ಚಿದ್ದಾರೆ, ಮನೆಗಳು ಹೆಚ್ಚಿವೆ, ಪ್ರತಿ ಮನೆಗೂ ಶೌಚಗುಂಡಿ ಬಂದಿದೆ. ತೆಳ್ಳಗಿನ ಪದರದ ಮೇಲೆ ಇಷ್ಟೆಲ್ಲ ಭಾರ. ಆದ್ದರಿಂದಲೇ ಸರ್ಕಾರ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನೇ ಸಿಹಿಗೊಳಿಸುವ ಸ್ಥಾವರ ಹಾಕಿತು. ಕಡಲ ಮೇಲ್ಭಾಗದ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಿಮೆ ಇರುವ ಪಾತ್ರೆಯಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಂಪುಗೊಳಿಸುತ್ತಾರೆ. ಬಿಸಿ ಪಾತ್ರೆಯ ಮುಚ್ಚಳದಡಿ ಹನಿ ಕೂಡುವ ಹಾಗೆ. ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಕೊಡುವಂತೆ ಅದನ್ನು ಕಟ್ಟಿದರು. 2011ರಲ್ಲಿ ಅಗತ್ತಿ ಮತ್ತು ಮಿನಿಕಾಯ್‌ಗೂ ಅಂಥ ಸ್ಥಾವರ ಬಂತು. ಯಂತ್ರ ಬಂದರೂ ಬಾವಿಯ ಬೆಲೆ ಕಡಿಮೆಯಾಗಿಲ್ಲ.

ಬಿಸಿಲೇರಿತು. ಕಡಲು ಇಳಿದಿದೆ. ಹೆಂಗಸರೂ ಮಕ್ಕಳೂ ಬುಟ್ಟಿ ಹಿಡಿದು ದಿಬ್ಬದ ಮೇಲಿನ ಮೊಣಕಾಲುದ್ದದ ನೀರಿಗೆ ಇಳಿದಿದ್ದಾರೆ. ಕಲ್ಲಿನ ಸಂದಿಯಲ್ಲಿ ಅಡಗಿದ ಆಕ್ಟೋಪಸ್ ಹುಡುಕುವುದು, ಚಿಪ್ಪು ಆಯುವುದು ಅವರ ಕೆಲಸ. ದೊಡ್ಡ ಕಡಲಿಗೆ ಹೋದ ಗಂಡಸರು ಮಧ್ಯಾಹ್ನದ ಮೇಲೆ ಟ್ಯೂನಾ ಮೀನು ತರುತ್ತಾರೆ. ಬಲೆ ಬೀಸಿ ಬಾಚುವ ಮೀನುಗಾರಿಕೆಯಲ್ಲ ಅದು. ಸಣ್ಣ ಜೀವಂತ ಮೀನುಗಳನ್ನು ಎರಚಿ, ಕೋಲಿನ ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಉಳಿದ ಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದರೆ ‘ಮಾಸ್’ ಆಗುತ್ತದೆ. ಮರದ ತುಂಡಿನಷ್ಟು ಗಟ್ಟಿ. ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಅದನ್ನು ಜಜ್ಜಿ ತೆಂಗಿನ ತುರಿಯೊಂದಿಗೆ ಬೆರೆಸಿದರೆ ಊಟವಾಯಿತು. ಹಿತ್ತಿಲಲ್ಲಿ ದೀವಿಹಲಸಿನ ಮರವೂ ಇದೆ, ನಮ್ಮ ಜೀಗುಜ್ಜೆ. ದೀವಿ ಎಂದರೆ ದ್ವೀಪ ಎಂದೇ ಅರ್ಥ. ಅದರ ಪೋಡಿ ಕರಿದು ತಿನ್ನುವಾಗ ನಾವು ಇದನ್ನು ನೆನೆಯುವುದೇ ಇಲ್ಲ!

ಈಗ ಈ ಮನೆಯ ಬಗ್ಗೆ ಒಂದು ಮಾತು. ಇದು ಯಾರ ಮನೆ? ಉಮ್ಮನ ಮನೆ, ಅವಳ ಉಮ್ಮನ ಮನೆ. ಕಲ್ಪೇನಿಯಲ್ಲಿ ತರವಾಡು ಹೆಣ್ಣಿನ ಸಾಲಿನಲ್ಲಿ ಇಳಿದು ಬರುತ್ತದೆ. ನಿಕಾಹ್ ಆದರೂ ಹುಡುಗಿ ಮನೆ ಬಿಡುವುದಿಲ್ಲ. ಹಿಂದೆ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು, ಬೆಳಿಗ್ಗೆ ತನ್ನ ತಾಯಿಯ ಮನೆಗೆ ಹಿಂದಿರುಗುತ್ತಿದ್ದ. ಈಗ ಬೇರೆ ಮನೆ ಕಟ್ಟಿಕೊಂಡವರು ಬಹಳ ಮಂದಿ. ತರವಾಡಿನ ಆಸ್ತಿಗೆ ಅವರು ‘ಶುಕ್ರವಾರದ ಸ್ವತ್ತು’ ಎನ್ನುತ್ತಾರೆ. ಅದು ಹೆಣ್ಣಿನ ಸಾಲಿನಲ್ಲೇ ಉಳಿಯುತ್ತದೆ. ಸ್ವಂತ ದುಡಿಮೆಯದು ‘ಸೋಮವಾರದ ಸ್ವತ್ತು’. ಅದು ಶರೀಅತ್ತಿನಂತೆ ಪಾಲಾಗುತ್ತದೆ. ಲೀಲಾ ದುಬೆ ಎಂಬ ಸಮಾಜ ವಿಜ್ಞಾನಿ 1969ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಲ್ಲಿನ ಈ ಪದ್ಧತಿಯನ್ನು ವಿವರಿಸಿದ್ದಾರೆ. ಅಳಿಯಸಂತಾನ ಕಂಡ ತುಳುನಾಡಿನವರಿಗೆ ಇದು ಅಚ್ಚರಿಯಾಗದು.

ಇದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನಗೆ ಕಂಡದ್ದು ಇಷ್ಟೇ. ಆ ಬಾವಿಯಿಂದ ನೀರು ಸೇದುವ ಹುಡುಗಿಗೆ ಗೊತ್ತು, ತಾನು ಮುದುಕಿಯಾದಾಗಲೂ ಇದೇ ಬಾವಿ, ತನ್ನ ಮೊಮ್ಮಗಳಿಗೂ ಇದೇ ಬಾವಿ. ಹಾಗಿರುವಾಗ ಕೊಡಪಾನವನ್ನು ಧುಮ್ಮನೆ ಎಸೆಯುವುದಾದರೂ ಹೇಗೆ?

ನನ್ನ ತವರಿನ ಬಾವಿಯ ಕತೆ ಹೇಳದೆ ಇರಲಾರೆ. ಅಳಿವೆಗೆ ಹತ್ತಿರದ ಮನೆ. ರಾಟೆಯಲ್ಲಿ ಸೇದುವಷ್ಟು ಕಾಲ ನೀರು ಎಳನೀರಿನಂತಿತ್ತು. ತೋಟಕ್ಕೆಂದು ಪಂಪು ಕೂರಿಸಿದರು. ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಓಡುತ್ತಿತ್ತು. ಮೂರನೆಯ ವರ್ಷದ ಎಪ್ರಿಲ್‌ನಲ್ಲಿ ಉಮ್ಮ ಗಂಜಿ ಬಾಯಿಗಿಟ್ಟು, ‘ನಾನು ಉಪ್ಪು ಹಾಕಿಯೇ ಇಲ್ಲವಲ್ಲಾ’ ಎಂದರು. ಯಾರೂ ಕಿವಿಗೊಡಲಿಲ್ಲ. ನಾನು ಮದುವೆಯಾಗಿ ಹೋದವಳು, ಎರಡು ದಿನಕ್ಕೆ ಬಂದ ನೆಂಟಳಂತೆ ಸುಮ್ಮನಿದ್ದೆ. ಈಗ ಆ ಮನೆಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಬಾವಿಗೆ ಕಬ್ಬಿಣದ ಬಲೆ ಹಾಕಿದ್ದಾರೆ, ಅದರ ಮೇಲೆ ತೆಂಗಿನ ಗರಿ ಬಿದ್ದಿರುತ್ತದೆ. ಅಂದು ಒಂದು ಮಾತು ಹೇಳಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ದ್ವೀಪದ ಬದುಕೆಂದರೆ ನೆಮ್ಮದಿ ಮಾತ್ರ ಎಂದುಕೊಳ್ಳಬೇಡಿ. ಕಲ್ಪೇನಿಯ ಮೂಡಣ ದಡದಲ್ಲಿ ಹವಳದ ಕಲ್ಲುಗಳ ದೊಡ್ಡ ರಾಶಿಯಿದೆ. 1847ರ ಎಪ್ರಿಲ್‌ನ ಬಿರುಗಾಳಿ ಅದನ್ನು ಎತ್ತಿ ಹಾಕಿತೆಂದು ಹೇಳುತ್ತಾರೆ. ಅಂದು ಮನೆಗಳು ಕೊಚ್ಚಿ ಹೋದವು, ಬಹುಪಾಲು ತೆಂಗು ಉರುಳಿತು, ಕಡಲಿನಿಂದ ಉಳಿದವರಲ್ಲೂ ಅನೇಕರು ಹಸಿವಿನಿಂದ ತೀರಿಕೊಂಡರು. 2017ರ ಡಿಸೆಂಬರ್‌ನಲ್ಲಿ ಒಖಿ ಚಂಡಮಾರುತವೂ ಇಲ್ಲಿ ಹಾನಿ ಮಾಡಿತು. ಕಡಲು ಬಿಸಿಯಾದಾಗ ಹವಳ ಬೆಳ್ಳಗಾಗಿ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಹಾಗಾಯಿತು. 1998ರಿಂದ 2022ರ ನಡುವೆ ಲಕ್ಷದ್ವೀಪದ ಜೀವಂತ ಹವಳ ಸರಿಸುಮಾರು ಅರ್ಧಕ್ಕಿಳಿದಿದೆ ಎಂದು ಅಧ್ಯಯನಕಾರರು ಕಂಡುಕೊಂಡಿದ್ದಾರೆ. ಹವಳದ ಗೋಡೆ ಸವೆದರೆ ಅಲೆ ಒಳಗೆ ಬರುತ್ತದೆ. ಅಲೆ ಒಳಗೆ ಬಂದರೆ ಬಾವಿ ಉಪ್ಪಾಗುತ್ತದೆ. ಆ ಹೆಣ್ಣುಮಗಳು ಎಷ್ಟೇ ಮೆಲ್ಲಗೆ ಸೇದಿದರೂ ಆಗ ಪ್ರಯೋಜನವಿಲ್ಲ. ಕಡಲನ್ನು ಬಿಸಿ ಮಾಡಿದ ಹೊಗೆ ಅವಳ ಒಲೆಯದಲ್ಲ. ಅದರಲ್ಲಿ ನಮ್ಮ ಪಾಲೂ ಇದೆ.

ಮಗ್ರಿಬ್ ಆಯಿತು. ತೆಂಗಿನ ಗರಿಗಳ ಹಿಂದೆ ಕಡಲು ಕೆಂಪಾಗಿ ಕಪ್ಪಾಯಿತು. ಮಕ್ಕಳು ಕಾಲಿನ ಮರಳು ಕೊಡವಿ ಕಿತಾಬು ಹಿಡಿದು ಕೂತಿದ್ದಾರೆ. ಹುಡುಗಿಯರನ್ನು ಶಾಲೆಗೆ ಕಳುಹಿಸಲು ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ದ್ವೀಪಗಳ ಪೈಕಿ ಮೊದಲು ಕಳುಹಿಸಿದ ಊರೆಂಬ ಹೆಸರು ಕಲ್ಪೇನಿಗಿದೆ. ಉಮ್ಮ ಬಾವಿಯ ಬಾಯಿಗೆ ಮುಚ್ಚಳ ಎಳೆದು ಒಳಗೆ ಬಂದಳು. ಇನ್ನು ನಾವು ಹಿಂದಿರುಗೋಣ.

ಸಹೋದರಿಯರೇ, ಹೊಳೆಯ ದಡದಲ್ಲಿ ಕೂತರೂ ವುಝೂವಿಗೆ ನೀರು ಪೋಲು ಮಾಡಬಾರದೆಂದು ನಾವು ಮದ್ರಸದಲ್ಲೇ ಕಲಿತವರು. ಕರಾವಳಿಯಲ್ಲಿರುವ ನಮ್ಮ ಅನೇಕರ ಬಾವಿಗಳ ಅಡಿಯಲ್ಲೂ ಉಪ್ಪು ಕಾದು ಕೂತಿದೆ. ಪಂಪನ್ನು ಒಂದೇ ಸಮನೆ ಓಡಿಸುವ ಬದಲು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓಡಿಸಿ. ಮಳೆಗಾಲದ ಮೊದಲು ಮಾಡು ಗುಡಿಸಿ, ಮೊದಲ ಒಂದೆರಡು ಮಳೆಯ ನೀರನ್ನು ಹೊರಬಿಟ್ಟು, ಬಳಿಕದ ನೀರನ್ನು ಮರಳು-ಜಲ್ಲಿಯ ಮೂಲಕ ಸೋಸಿ ಬಾವಿಗೆ ಇಳಿಸಿ. ಶೌಚಗುಂಡಿ ಬಾವಿಯಿಂದ ಸಾಧ್ಯವಾದಷ್ಟು ದೂರವಿರಲಿ. ಮನೆಯ ಗಂಡಸರು ಪಂಪಿನ ಮಾತಾಡುವಾಗ ನೀವೂ ಬಾಯಿ ತೆರೆಯಿರಿ. ಗಂಜಿಯ ರುಚಿ ಮೊದಲು ತಿಳಿಯುವುದು ನಮಗೇ ಅಲ್ಲವೇ?

ನಾಳೆ ಸುಬ್ಹಿ ನಮಾಝ್ ಮುಗಿದ ಮೇಲೆ, ಸ್ವಿಚ್ ಒತ್ತುವ ಮೊದಲು, ಮಗಳ ಕೈ ಹಿಡಿದು ಬಾವಿಕಟ್ಟೆಗೆ ಹೋಗಿ ಒಮ್ಮೆ ಇಣುಕಿ ನೋಡಿ. ನೀರು ಎಲ್ಲಿದೆ ಎಂದು ಅವಳಿಗೆ ತೋರಿಸಿ. ಅವಳು ಯಾವ ಮನೆ ಸೇರಿದರೂ ಅಲ್ಲಿಯ ಬಾವಿಯನ್ನು ಇಣುಕಿ ನೋಡುವ ಅಭ್ಯಾಸ ಅವಳ ಜೊತೆಗೆ ಹೋಗಲಿ. ಏನಂತೀರಿ?